ತಂತಿಯ ಮುಪ್ಪು

ಹವ್ಯಾಸಿ ರೇಡಿಯೋ ಕೇಂದ್ರವನ್ನು ನೋಡಲು ಹೋದವರ ಕಣ್ಣು ಮೊದಲು ಬೀಳುವುದು ಮೇಜಿನ ಮೇಲಿನ ಪ್ರೇಷಕ ಯಂತ್ರದ ಮೇಲೆ. ಅನಂತರ ಮಾಳಿಗೆಯ ಮೇಲೆ ನಿಂತ ಆಂಟೆನಾದ ಮೇಲೆ. ಇವೆರಡನ್ನೂ ಕೂಡಿಸುವ ಕಪ್ಪು ತಂತಿಯನ್ನು ಗಮನಿಸುವವರು ವಿರಳ. ಆದರೆ ಯಂತ್ರದಲ್ಲಿ ಹುಟ್ಟಿದ ಶಕ್ತಿ ಆಕಾಶವನ್ನು ಸೇರಬೇಕಾದರೆ ಈ ದಾರಿಯಲ್ಲಿಯೇ ಸಾಗಬೇಕು. 2004ರ ಡಿಸೆಂಬರ್ 26ರಂದು ಸುನಾಮಿ ಅಂಡಮಾನ್ ದ್ವೀಪಗಳಿಗೆ ಅಪ್ಪಳಿಸಿದಾಗ, ಪೋರ್ಟ್‌ಬ್ಲೇರಿನಲ್ಲಿದ್ದ ಹವ್ಯಾಸಿಗಳು ರೇಡಿಯೋ ಮೂಲಕವೇ ಸುದ್ದಿಯನ್ನು ಹೊರಗಿನವರಿಗೆ ತಲುಪಿಸಿದರು. ಅಂತಹ ದಿನ ತಂತಿ ಕೈಕೊಟ್ಟರೆ ಬೆಲೆಬಾಳುವ ಯಂತ್ರವಿದ್ದೂ ಫಲವೇನು?

ಈ ತಂತಿಗೆ ಕೋಯಾಕ್ಸಿಯಲ್ ಕೇಬಲ್ ಎಂದು ಹೆಸರು. ಸಮಾಕ್ಷ ತಂತಿ ಎನ್ನಬಹುದು. ನಡುವೆ ತಾಮ್ರದ ತಂತಿ. ಅದರ ಸುತ್ತ ಪಾಲಿಎಥಿಲೀನಿನ ನಿರೋಧಕ. ಅದರ ಮೇಲೆ ಜಡೆಯಂತೆ ಹೆಣೆದ ತಾಮ್ರದ ಎಳೆಗಳು. ಎಲ್ಲಕ್ಕೂ ಹೊರಗೆ ಪಿ.ವಿ.ಸಿ. ಹೊದಿಕೆ. ಎರಡು ವಾಹಕಗಳಿಗೂ ಅಕ್ಷ ಒಂದೇ. ಇಂಗ್ಲೆಂಡಿನ ಆಲಿವರ್ ಹೆವಿಸೈಡ್ 1880ರಲ್ಲಿ ಇದಕ್ಕೆ ಪೇಟೆಂಟ್ ಪಡೆದನು.

ಮುಪ್ಪು ಹೊರಗಿನಿಂದ ಮೊದಲಾಗುತ್ತದೆ. ಬಿಸಿಲಿನ ಅತಿನೇರಳೆ ಕಿರಣಗಳು ಹೊದಿಕೆಯನ್ನು ಪೆಡಸುಗೊಳಿಸಿ ಬಿರುಕು ಬಿಡಿಸುತ್ತವೆ. ಬಿರುಕಿನಿಂದಲೋ, ಸರಿಯಾಗಿ ಮುಚ್ಚದ ತುದಿಯಿಂದಲೋ ಮಳೆನೀರು ಒಳಹೊಕ್ಕಿತೆಂದರೆ, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಹೆಣಿಗೆಯ ಎಳೆಗಳ ನಡುವೆ ಹರಡುತ್ತದೆ. ತಾಮ್ರಕ್ಕೆ ಕಿಲುಬು ಹಿಡಿಯುತ್ತದೆ. ಉಪ್ಪುಗಾಳಿ ಬೀಸುವ ಕರಾವಳಿಯಲ್ಲಿ ಇದು ಇನ್ನೂ ಬೇಗ. ರೇಡಿಯೋ ಆವರ್ತಾಂಕದ ವಿದ್ಯುತ್ತು ಲೋಹದ ಮೇಲ್ಮೈಯ ತೆಳುಪದರದಲ್ಲಿಯೇ ಹರಿಯುವುದರಿಂದ ಮೇಲ್ಮೈಯ ಕಿಲುಬು ಅದಕ್ಕೆ ದೊಡ್ಡ ಅಡ್ಡಿ. ಮತ್ತೊಂದು ಶತ್ರು ತಂತಿಯೊಳಗೇ ಇದೆ. ಪಿ.ವಿ.ಸಿ. ಸ್ವಭಾವತಃ ಗಡಸು, ಅದನ್ನು ಮೆದುಗೊಳಿಸಲು ಬೆರೆಸಿದ ದ್ರವ್ಯ ಕೆಲವು ಬಗೆಯ ಹೊದಿಕೆಗಳಿಂದ ವರ್ಷಗಳು ಕಳೆದಂತೆ ಒಳಕ್ಕೆ ಜಿನುಗಿ ನಿರೋಧಕವನ್ನು ಕೆಡಿಸುತ್ತದೆ. ಮನುಷ್ಯನಿಗಾದರೋ ನರೆ ಬಂದು ವಯಸ್ಸನ್ನು ಸಾರುತ್ತದೆ. ಈ ತಂತಿ ಹೊರಗೆ ಕಪ್ಪಗೆ ಮಿರುಗುತ್ತಲೇ ಒಳಗೆ ಮುದಿಯಾಗಿರಬಲ್ಲದು.

ಮೀಟರನ್ನು ನೋಡಿದರೆ ತಿಳಿಯದೇ ಎಂದು ನೀವು ಕೇಳಬಹುದು. ವಿಚಿತ್ರವಿರುವುದು ಇಲ್ಲಿಯೇ. ಆಂಟೆನಾ ಸ್ವೀಕರಿಸದ ಶಕ್ತಿ ತಂತಿಯಲ್ಲಿ ಹಿಂದಿರುಗಿ ಬರುತ್ತದೆ. ಯಂತ್ರದ ಬಳಿಯ ಮೀಟರು ಅದನ್ನು ತೋರಿಸುತ್ತದೆ. ಆಂಟೆನಾ ಮುರಿದಿದೆ, ಶಕ್ತಿಯನ್ನೆಲ್ಲ ಹಿಂದಕ್ಕೆ ತಳ್ಳುತ್ತಿದೆ ಎಂದಿಟ್ಟುಕೊಳ್ಳಿ. ಒಳ್ಳೆಯ ತಂತಿಯಾದರೆ ಕಳುಹಿಸಿದ 100 ವಾಟಿನಲ್ಲಿ ಬಹುಭಾಗ ಮರಳುತ್ತದೆ, ಹವ್ಯಾಸಿ ಎಚ್ಚರಗೊಳ್ಳುತ್ತಾನೆ. ತಂತಿ ಹತ್ತರಲ್ಲಿ ಒಂಬತ್ತು ಪಾಲನ್ನು ನುಂಗುವಂತಾಗಿದ್ದರೆ ಮೇಲಕ್ಕೆ ತಲುಪುವುದು 10 ವಾಟ್. ಅದು ಹಿಂದಿರುಗುವಾಗಲೂ ಅದೇ ಸುಂಕ ತೆರಬೇಕಷ್ಟೆ. ಮೀಟರಿಗೆ ಬರುವುದು 1 ವಾಟ್. ನೂರಕ್ಕೆ ಒಂದೇ ಮರಳಿತೆಂದು ಅವನು ಹಿಗ್ಗುತ್ತಾನೆ. ಏನನ್ನೂ ದುರಸ್ತಿ ಮಾಡದಿದ್ದರೂ ಮೀಟರಿನ ಅಂಕಿ ವರ್ಷದಿಂದ ವರ್ಷಕ್ಕೆ ಉತ್ತಮವಾಗುತ್ತಿದ್ದರೆ ಸಂಶಯಪಡಬೇಕಾದುದು ಆಗಲೇ.

ಆದುದರಿಂದ ಅನುಭವಿಗಳು ತಂತಿಯ ಎರಡೂ ತುದಿಗಳಲ್ಲಿ ಶಕ್ತಿಯನ್ನು ಅಳೆಯುತ್ತಾರೆ. ಆಂಟೆನಾವನ್ನು ಬಿಡಿಸಿ, ಅದರ ಸ್ಥಾನದಲ್ಲಿ 50 ಓಮಿನ ರೋಧಕವನ್ನು ಜೋಡಿಸಿ, ಅಲ್ಲಿಗೆ ಎಷ್ಟು ವಾಟ್ ತಲುಪಿತೆಂದು ನೋಡುತ್ತಾರೆ. ಆ ಉದ್ದಕ್ಕೆ, ಆ ಆವರ್ತಾಂಕಕ್ಕೆ ತಯಾರಕರು ಹೇಳಿದುದಕ್ಕಿಂತ ನಷ್ಟ ಬಹಳ ಹೆಚ್ಚಿದ್ದರೆ, ತುದಿಯಿಂದ ಗೇಣುದ್ದ ಕತ್ತರಿಸಿ ಹೊದಿಕೆಯನ್ನು ಸುಲಿಯುತ್ತಾರೆ. ಹೊಳೆಯಬೇಕಾದ ತಾಮ್ರದ ಜಡೆ ಕಪ್ಪಗಾಗಿದ್ದರೆ ಹೊಸ ತಂತಿಯನ್ನು ಎಳೆಯುವುದೊಂದೇ ಉಳಿದ ಕೆಲಸ.