ಬ್ಯಾಟರಿ ಹೋದರೆ ಫೋನೂ ಹೋಗಬೇಕೇ?

ಲೆಕ್ಕಶಾಸ್ತ್ರದಲ್ಲಿ ನಾವೆಲ್ಲ ಸವಕಳಿ ಲೆಕ್ಕ ಮಾಡಿದ್ದೇವೆ. ಯಂತ್ರದ ಬೆಲೆಯನ್ನು ಅದು ಬಾಳುವ ವರ್ಷಗಳಿಂದ ಭಾಗಿಸುತ್ತೇವೆ. ಅದೇ ಲೆಕ್ಕವನ್ನು ಮೊಬೈಲ್‌ಗೂ ಹಾಕಿ ನೋಡೋಣ.

ಫೋನಿನ ಬೆಲೆ 12,000 ರೂ. ಎಂದುಕೊಳ್ಳೋಣ. ಮೂರು ವರ್ಷಕ್ಕೆ ಬ್ಯಾಟರಿ ಸೋತು ಫೋನನ್ನೇ ಬಿಟ್ಟರೆ ವರ್ಷಕ್ಕೆ 4,000 ರೂ. ಖರ್ಚು. 1,500 ರೂ. ಕೊಟ್ಟು ಬ್ಯಾಟರಿ ಬದಲಿಸಿ ಇನ್ನೂ ಮೂರು ವರ್ಷ ಬಳಸಿದರೆ, 13,500 ರೂ. ಆರು ವರ್ಷಕ್ಕೆ ಹಂಚಿಹೋಗಿ ವರ್ಷಕ್ಕೆ 2,250 ರೂ. ಮಾತ್ರ.

ಲಿಥಿಯಂ ಅಯಾನ್ ಬ್ಯಾಟರಿಯ ಶಕ್ತಿ ಚಾರ್ಜ್ ಮಾಡಿದಂತೆಲ್ಲ ಸ್ವಲ್ಪ ಸ್ವಲ್ಪವೇ ಕುಗ್ಗುತ್ತದೆ. ಕೀಪ್ಯಾಡ್ ಫೋನಿನಲ್ಲಿ ಹಿಂದಿನ ಮುಚ್ಚಳ ತೆಗೆದು ನಾವೇ ಹೊಸದನ್ನು ಹಾಕಬಹುದು. ಇಂದಿನ ಹೆಚ್ಚಿನ ಸ್ಮಾರ್ಟ್‌ಫೋನುಗಳಲ್ಲಿ ಅದನ್ನು ಒಳಗೆ ಅಂಟಿಸಿರುತ್ತಾರೆ.

ಇದರ ವ್ಯತ್ಯಾಸಕ್ಕೆ ಎರಡು ಉದಾಹರಣೆಗಳಿವೆ. 2007ರಲ್ಲಿ ನೋಕಿಯಾದ ಬಿಎಲ್-5ಸಿ ಬ್ಯಾಟರಿಗಳು ಅತಿಯಾಗಿ ಬಿಸಿಯಾಗಬಹುದೆಂದು ತಿಳಿದಾಗ, ಕಂಪನಿ 4.6 ಕೋಟಿ ಬ್ಯಾಟರಿಗಳಿಗೆ ಎಚ್ಚರಿಕೆ ಕೊಟ್ಟು ಉಚಿತವಾಗಿ ಬದಲಿಸಿಕೊಡಲು ಮುಂದಾಯಿತು. ಫೋನು ಜನರ ಬಳಿಯೇ ಉಳಿಯಿತು. 2016ರಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 7ರ ಬ್ಯಾಟರಿಗೆ ಬೆಂಕಿ ಹತ್ತತೊಡಗಿದಾಗ ಇಡೀ ಫೋನುಗಳನ್ನೇ ವಾಪಸ್ ಪಡೆಯಬೇಕಾಯಿತು.

ಯುರೋಪಿಯನ್ ಒಕ್ಕೂಟ 2023ರಲ್ಲಿ ಬ್ಯಾಟರಿ ಕಾನೂನು ಮಾಡಿತು. ಅದರಂತೆ 2027ರ ಫೆಬ್ರವರಿ 18ರಿಂದ ಉಪಕರಣಗಳ ಬ್ಯಾಟರಿಯನ್ನು ಬಳಕೆದಾರರೇ ಸಾಮಾನ್ಯ ಉಪಕರಣಗಳಿಂದ ತೆಗೆದು ಬದಲಿಸುವಂತಿರಬೇಕು. ಮಾರಾಟ ನಿಂತ ಮೇಲೂ ಐದು ವರ್ಷ ಬಿಡಿ ಬ್ಯಾಟರಿ ಸಿಗಬೇಕು.

ಭಾರತದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿ ಸಂಗ್ರಹಿಸಿ ಮರುಬಳಕೆಗೆ ಕಳುಹಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಅದೇ ವರ್ಷ ಡಿಸೆಂಬರಿನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿ ಹಕ್ಕಿನ ಪೋರ್ಟಲ್ ಆರಂಭಿಸಿತು. ಆದರೆ ಬಳಕೆದಾರರೇ ಬ್ಯಾಟರಿ ತೆಗೆಯುವಂತಿರಬೇಕು ಎಂಬ ಕಡ್ಡಾಯ ಆ ನಿಯಮಗಳಲ್ಲಿಲ್ಲ.

ಮುಚ್ಚಳ ತೆಗೆಯುವಂತಿದ್ದರೆ ನೀರು ಒಳಹೋಗುತ್ತದೆ ಎಂಬುದು ಕಂಪನಿಗಳ ವಾದ. ಅದರಲ್ಲಿ ಹುರುಳಿದೆ. ಆದ್ದರಿಂದಲೇ ನೀರು ತಡೆಯುವ, ಸಾವಿರ ಬಾರಿ ಚಾರ್ಜ್ ಆದ ಮೇಲೂ ಶೇ. 80ರಷ್ಟು ಶಕ್ತಿ ಉಳಿಸಿಕೊಳ್ಳುವ ಫೋನುಗಳಿಗೆ ಯುರೋಪಿನಲ್ಲೂ ರಿಯಾಯಿತಿ ಇದೆ. ಎಂದರೆ, ಬದಲಿಸಲು ಬಿಡದಿದ್ದರೆ ಬಾಳಿಕೆಯನ್ನಾದರೂ ಕೊಡಬೇಕು.

ಸ್ನೇಹಿತರೇ, ನಮ್ಮ ಮನೆಗಳಲ್ಲಿ ಫೋನು ಅಬ್ಬಾ, ಅಪ್ಪನ ಹಲವು ದಿನಗಳ ದುಡಿಮೆ. ಬೈರಾಪಟ್ಟಣದಿಂದ ಚನ್ನಪಟ್ಟಣಕ್ಕೆ ಹೋಗಿ ಫೋನು ಕೊಳ್ಳುವಾಗ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳುತ್ತೇವೆ. ಇನ್ನೆರಡು ಪ್ರಶ್ನೆ ಸೇರಿಸೋಣ: ಇದರ ಬ್ಯಾಟರಿ ಬದಲಿಸಲು ಎಷ್ಟಾಗುತ್ತದೆ? ಎಷ್ಟು ವರ್ಷ ಸಿಗುತ್ತದೆ? ಬೆಲೆಯ ಚೀಟಿಯಲ್ಲಿ ಇಲ್ಲದ ಖರ್ಚು ಆ ಉತ್ತರದಲ್ಲಿದೆ.