ಬಾಳೆಗುಳಿ ಕ್ರಾಸಿನಲ್ಲಿ ನಿಂತು ಲೆನ್ಸ್ ಆರಿಸುವುದು

ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಬರುವ ರಾಷ್ಟ್ರೀಯ ಹೆದ್ದಾರಿ 52 ಅಂಕೋಲೆಯ ಬಾಳೆಗುಳಿಯಲ್ಲಿ ಕರಾವಳಿಯ ಹೆದ್ದಾರಿ 66ನ್ನು ಸೇರುತ್ತದೆ. ಇಲ್ಲಿಂದ ಬೇಲೇಕೇರಿ, ಕಾರವಾರದ ಕಡೆ ತಿರುಗಿದರೆ ಕಡಲು, ಗಜನಿ ಗದ್ದೆ, ಕಣ್ಣು ಕುಕ್ಕುವ ಬೆಳಕು. ಘಟ್ಟದ ಕಡೆ ತಿರುಗಿದರೆ ಸ್ವಲ್ಪ ಹೊತ್ತಿನಲ್ಲೇ ನಡುಹಗಲಿನಲ್ಲೂ ಮಬ್ಬು ಕವಿದಿರುವ ಕಾಡು. "ಸರ್, ನಾನೂರು ತಗೊಳ್ಳಲೋ, ಆರುನೂರು ತಗೊಳ್ಳಲೋ?" ಎಂದು ಕೇಳುವ ಹುಡುಗರಿಗೆ ನಾನು ತಿರುಗಿ ಕೇಳುವುದು ಒಂದೇ: ಈ ಕ್ರಾಸಿನಲ್ಲಿ ನಿನ್ನ ಬೈಕು ಹೆಚ್ಚಾಗಿ ಯಾವ ಕಡೆ ತಿರುಗುತ್ತದೆ?

ಹಕ್ಕಿ, ಕಡಲು, ಯಕ್ಷಗಾನ ಎಂದು ಈ ಸೀಮೆಯಲ್ಲಿ ಕ್ಯಾಮೆರಾ ಹೊತ್ತು ತಿರುಗಿ ತಿಳಿದದ್ದನ್ನು ಕೆಳಗೆ ಬರೆದಿದ್ದೇನೆ. ಬೆಲೆ ಬರೆದಿಲ್ಲ, ಅದು ಹಬ್ಬಕ್ಕೊಂದು ಹುಣ್ಣಿಮೆಗೊಂದು.

1. ಹಳೆಯ ಫೋಟೋಗಳನ್ನು ಮೊದಲು ಕೇಳಿ

ಪ್ರತಿ ಡಿಜಿಟಲ್ ಫೋಟೋದ ಒಳಗೂ ಅದನ್ನು ಎಷ್ಟು ಎಂಎಂನಲ್ಲಿ ತೆಗೆದಿರಿ ಎಂಬುದು ಬರೆದಿರುತ್ತದೆ. ಕ್ಯಾಮೆರಾ ಜೊತೆ ಬಂದ 55-250ರಲ್ಲೋ 70-300ರಲ್ಲೋ ತೆಗೆದ ಒಂದು ವರ್ಷದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತೆರೆದು ನೋಡಿ. ಬಹುಪಾಲು ತುದಿಯಲ್ಲೇ, ಅಂದರೆ 250 ಅಥವಾ 300ರಲ್ಲೇ ಇದ್ದು, ಹಕ್ಕಿ ಇನ್ನೂ ಸಣ್ಣದಾಗಿ ಕಂಡರೆ ಉದ್ದದ ಲೆನ್ಸ್ ಬೇಕು ಎಂದರ್ಥ. ಚಿತ್ರಗಳು 100, 150ರ ಸುತ್ತ ಹರಡಿಕೊಂಡಿದ್ದರೆ ನಿಮಗೆ ಬೇಕಾಗಿರುವುದು ಬೆಳಕು, ಉದ್ದವಲ್ಲ. ಅಂಗಡಿಯವರಿಗೆ ಇದನ್ನು ನಿಮಗಾಗಿ ನೋಡಿ ಹೇಳಲು ಆಗುವುದಿಲ್ಲ.

2. ಎಂಎಂ ಲೆಕ್ಕವನ್ನು ಮೀಟರಿಗೆ ಇಳಿಸಿ

ಶಾಲೆಯ ತ್ರೈರಾಶಿ ಸಾಕು. ಸೆನ್ಸರಿನ ಅಗಲವನ್ನು ದೂರದಿಂದ ಗುಣಿಸಿ, ಲೆನ್ಸಿನ ಎಂಎಂನಿಂದ ಭಾಗಿಸಿದರೆ ಆ ದೂರದಲ್ಲಿ ಚೌಕಟ್ಟಿನೊಳಗೆ ಎಷ್ಟು ಅಗಲದ ಜಾಗ ಬರುತ್ತದೆ ಎಂಬುದು ಸಿಗುತ್ತದೆ. ಫುಲ್ ಫ್ರೇಮ್ ಸೆನ್ಸರಿನ ಅಗಲ 36 ಎಂಎಂ. ನಮ್ಮಲ್ಲಿ ಹೆಚ್ಚಿನವರ ಕೈಯಲ್ಲಿರುವ ಕ್ರಾಪ್ ಸೆನ್ಸರಿನದು ಸುಮಾರು 24.

ಬೇಲೇಕೇರಿ ದಂಡೆಯ ಗಾಳಿಮರದ ಮೇಲಿಂದ ಬಿಳಿಹೊಟ್ಟೆಯ ಕಡಲ ಹದ್ದು ಹಾರುತ್ತದೆ ಎನ್ನಿ. ರೆಕ್ಕೆ ಬಿಚ್ಚಿದರೆ ಹೆಚ್ಚುಕಡಿಮೆ 2 ಮೀಟರ್. ನೂರು ಮೀಟರ್ ದೂರದಲ್ಲಿ ಫುಲ್ ಫ್ರೇಮಿಗೆ 600 ಎಂಎಂ ಹಾಕಿದರೆ ಚೌಕಟ್ಟಿನ ಅಗಲ 6 ಮೀಟರ್. ಹದ್ದು ಅದರ ಮೂರನೇ ಒಂದು ಪಾಲು. ಕ್ರಾಪ್ ಸೆನ್ಸರಿಗೆ 400 ಎಂಎಂ ಹಾಕಿದರೂ ಅದೇ 6 ಮೀಟರ್. ಗೆಳೆಯನ ಫುಲ್ ಫ್ರೇಮ್ ಕ್ಯಾಮೆರಾದ 600 ನೋಡಿ ಹೊಟ್ಟೆ ಉರಿಸಿಕೊಳ್ಳುವವರು ಈ ಸಾಲನ್ನು ಇನ್ನೊಮ್ಮೆ ಓದಿಕೊಳ್ಳಲಿ. ಅದೇ ಹದ್ದಿಗೆ ಕಿಟ್ಟಿನ 250ರಲ್ಲಿ ಚೌಕಟ್ಟು 9.6 ಮೀಟರ್ ಆಗುತ್ತದೆ, ಹಕ್ಕಿ ಐದನೇ ಒಂದು ಪಾಲಿಗೆ ಇಳಿಯುತ್ತದೆ. ಹದ್ದಿಗೆ ಇದು ದೊಡ್ಡ ನಷ್ಟವಲ್ಲ. ಅಲೆಯಂಚಿನಲ್ಲಿ ಓಡಾಡುವ, ಗೇಣುದ್ದವೂ ಇಲ್ಲದ ಸಣ್ಣ ಉಲ್ಲಂಕಿಗಳಿಗೆ ಮಾತ್ರ 250 ಸಾಲದು, ಸಾಲದು.

ಹಕ್ಕಿ ಸಣ್ಣದಾಗಿ ಬಂದರೆ ಚಿತ್ರವನ್ನು ಕತ್ತರಿಸಿಕೊಳ್ಳಲೂಬಹುದು. 24 ಮೆಗಾಪಿಕ್ಸೆಲ್ ಚಿತ್ರವನ್ನು ಅಗಲದಲ್ಲೂ ಎತ್ತರದಲ್ಲೂ ಅರ್ಧಕ್ಕೆ ಕತ್ತರಿಸಿದರೆ 6 ಮೆಗಾಪಿಕ್ಸೆಲ್ ಉಳಿಯುತ್ತದೆ. 8×12 ಇಂಚಿನ ಪ್ರಿಂಟಿಗೆ ಅದು ಧಾರಾಳ. ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ ಬೇಕಾದ್ದು ಅದಕ್ಕಿಂತ ಎಷ್ಟೋ ಕಡಿಮೆ.

3. ಘಟ್ಟದ ಕಡೆ ಹೋಗುವವರು ಎಫ್ ಸಂಖ್ಯೆ ನೋಡಿ ಕೊಳ್ಳಬೇಕು

ಲೆನ್ಸಿನ ಮೈಮೇಲೆ ಬರೆದ ಎರಡು ಸಂಖ್ಯೆಗಳಲ್ಲಿ ಜನ ಮೊದಲನೆಯದನ್ನು ಮಾತ್ರ ಓದುತ್ತಾರೆ. ಮೋಡವಿರುವ ಬೆಳಿಗ್ಗೆ ಮರದ ಮರೆಯಲ್ಲಿ ಐಎಸ್‌ಒ 3200 ಇಟ್ಟು, ಎಫ್ 5.6ರಲ್ಲಿ ಸೆಕೆಂಡಿನ 1/125 ಷಟರ್ ಸಿಕ್ಕಿತು ಎಂದುಕೊಳ್ಳಿ. ಅದೇ ಜಾಗದಲ್ಲಿ ಎಫ್ 8ರ ಲೆನ್ಸಿಗೆ ಸಿಗುವುದು 1/60, ಎಫ್ 2.8ರದ್ದಕ್ಕೆ 1/500. ಕೊಂಬೆಯ ಮೇಲೆ ಕತ್ತು ಆಡಿಸುತ್ತಿರುವ ಮಂಗಟ್ಟೆ 1/60ರಲ್ಲಿ ಮಸುಕಾಗುತ್ತದೆ, 1/500ರಲ್ಲಿ ನಿಲ್ಲುತ್ತದೆ. ಲೆನ್ಸಿನೊಳಗಿನ ಸ್ಟೆಬಿಲೈಸೇಶನ್ ನಿಮ್ಮ ಕೈನಡುಕವನ್ನು ಮಾತ್ರ ತಡೆಯುತ್ತದೆ. ಹಕ್ಕಿಯ ಕತ್ತನ್ನು ಹಿಡಿದು ನಿಲ್ಲಿಸುವುದಿಲ್ಲ. "ಐದು ಸ್ಟಾಪ್ ಸ್ಟೆಬಿಲೈಸೇಶನ್" ಎಂದು ಪೆಟ್ಟಿಗೆ ಮೇಲೆ ಬರೆದದ್ದನ್ನು ಓದಿ ಮರುಳಾಗುವವರು ಮರೆಯುವುದು ಇದನ್ನೇ.

ಹಗುರವೆಂದು ಹೆಸರಾದ ಕ್ಯಾನನ್ ಆರ್‌ಎಫ್ 100-400 ತೂಗುವುದು ಬರೇ 635 ಗ್ರಾಂ, ಆದರೆ 400ಕ್ಕೆ ಹೋದಾಗ ಅದರ ಬಾಯಿ ಎಫ್ 8. ಕಾರವಾರದ ದಂಡೆಗೆ ಅದು ಚಿನ್ನದಂಥ ಲೆನ್ಸ್. ಘಟ್ಟದ ಮಳೆಗಾಲಕ್ಕೆ ಹೇಳಿಸಿದ್ದಲ್ಲ. ನಿಕಾನ್ 200-500 ಉದ್ದಕ್ಕೂ ಎಫ್ 5.6 ಕೊಡುತ್ತದೆ, ಅದಕ್ಕೇ 2015ರಲ್ಲಿ ಬಂದದ್ದು ಈಗಲೂ ಕಾಡಿನವರ ಕೈಯಲ್ಲಿದೆ. ಸಿಗ್ಮಾ, ಟ್ಯಾಮ್ರಾನ್‌ಗಳ 150-600 ತುದಿಯಲ್ಲಿ ಎಫ್ 6.3, 5.6ಕ್ಕೂ ಅದಕ್ಕೂ ಮೂರನೇ ಒಂದು ಸ್ಟಾಪಿನ ವ್ಯತ್ಯಾಸ, ತಲೆ ಕೆಡಿಸಿಕೊಳ್ಳುವಷ್ಟಿಲ್ಲ.

ಗಣೇಶಗುಡಿಯ ಓಲ್ಡ್ ಮ್ಯಾಗಜಿನ್ ಹೌಸಿನಂಥ ಕಡೆ ಹಕ್ಕಿಗಳು ಸ್ನಾನಕ್ಕೆ ಬರುವ ನೀರಿನ ತಾವು ಕೆಲವೇ ಮೀಟರ್ ದೂರದಲ್ಲಿರುತ್ತದೆ. ಅಲ್ಲಿ 600 ಹಿಡಿದು ಕೂತವರ ಚೌಕಟ್ಟಿನಿಂದ ಬಾಲ ಹೊರಗೆ ಹೋಗುತ್ತದೆ. ಕೆಂಪು ಕೊರಳಿನ ಪಿಕಳಾರಕ್ಕೆ 300 ಸಾಕು, ಬೆಳಕು ಬೇಕು.

4. ಬಿಸಿಲೇರಿದ ಮೇಲೆ ಯಾವ ಲೆನ್ಸೂ ಒಂದೇ

ಫೆಬ್ರವರಿ, ಮಾರ್ಚಿನಲ್ಲಿ ಹೊಯ್ಗೆ ಕಾದ ಮೇಲೆ ದಂಡೆಯ ಗಾಳಿ ಕುದಿಯುವ ನೀರಿನ ಹಾಗೆ ಅಲುಗುತ್ತದೆ. ದೂರದ ಕಡಲಕ್ಕಿಯ ಅಂಚುಗಳೆಲ್ಲ ಕರಗಿದಂತೆ ಬರುತ್ತವೆ. ಲೆನ್ಸ್ ಉದ್ದವಾದಷ್ಟೂ ಇದು ಹೆಚ್ಚು ಕಾಣುತ್ತದೆ. "ನನ್ನ ಲೆನ್ಸ್ ಸಾಫ್ಟ್" ಎಂದು ದೂರುವವರ ಚಿತ್ರದ ಸಮಯ ನೋಡಿದರೆ ಎಷ್ಟೋ ಸಲ ಹನ್ನೊಂದು ಗಂಟೆ ದಾಟಿರುತ್ತದೆ.

5. ಕೆಳ ತುದಿಯನ್ನೂ ನೋಡಿ

ಜೂಮ್ ಎಲ್ಲಿಗೆ ಮುಗಿಯುತ್ತದೆ ಎಂದು ಎಲ್ಲರೂ ಕೇಳುತ್ತಾರೆ, ಎಲ್ಲಿಂದ ಶುರುವಾಗುತ್ತದೆ ಎಂದು ಕೇಳುವವರು ಕಡಿಮೆ. ಕಾಳಿ ನದಿ ಕಡಲು ಸೇರುವಲ್ಲಿ ದೋಣಿ ಹತ್ತಿ ಕೂರ್ಮಗಡದ ಕಡೆ ಹೋಗುವಾಗ ಡಾಲ್ಫಿನ್ ಎಲ್ಲಿ ಏಳುತ್ತದೆ ಎಂದು ಹೇಳಲಾಗದು. ಒಮ್ಮೊಮ್ಮೆ ದೋಣಿಯ ಪಕ್ಕದಲ್ಲೇ ಬೆನ್ನು ತೋರಿಸಿ ಮುಳುಗುತ್ತದೆ. 200ರಿಂದ ಶುರುವಾಗುವ ಲೆನ್ಸಿನಲ್ಲಿ ಅದನ್ನು ಹುಡುಕುವಷ್ಟರಲ್ಲಿ ನೀರು ಮಾತ್ರ ಉಳಿದಿರುತ್ತದೆ. ದೋಣಿಗೆ 70-300 ಅಥವಾ 100-400 ಸರಿ. ಓಲಾಡುವ ದೋಣಿಯಲ್ಲಿ ಟ್ರೈಪಾಡ್ ಪ್ರಯೋಜನಕ್ಕೆ ಬಾರದು.

6. ತೂಕವನ್ನು ತಕ್ಕಡಿಯಲ್ಲಲ್ಲ, ತೋಳಿನಲ್ಲಿ ಅಳೆಯಿರಿ

ನಿಕಾನ್ 200-500 ಕಾಲರ್ ಸಮೇತ 2300 ಗ್ರಾಂ. ಸೋನಿ 200-600 ಎರಡು ಕಿಲೋ ದಾಟುತ್ತದೆ. ಕ್ಯಾಮೆರಾ ಸೇರಿದರೆ ಮೂರು ಕಿಲೋ. ಅಂಗಡಿಯ ಎಸಿ ಕೋಣೆಯಲ್ಲಿ ಎರಡು ನಿಮಿಷ ಎತ್ತಿ ನೋಡಿದರೆ ಏನೂ ತಿಳಿಯದು. ಹತ್ತು ನಿಮಿಷ ಕಣ್ಣಿಗೆ ಹಿಡಿದು ನಿಲ್ಲಿ, ಕೈ ತಾನೇ ಹೇಳುತ್ತದೆ. ಬೆಂಗಳೂರಿನಲ್ಲಿ ಲೆನ್ಸ್ ಬಾಡಿಗೆಗೆ ಸಿಗುತ್ತದೆ. ಕೊಳ್ಳುವ ಮೊದಲು ಒಂದು ವಾರಾಂತ್ಯಕ್ಕೆ ತಂದು ನೋಡುವುದು ಬುದ್ಧಿವಂತಿಕೆ. ಕೈಗಾದ ಹಕ್ಕಿ ಮ್ಯಾರಥಾನ್‌ನಂಥ ಕಡೆ ಹತ್ತಾರು ಬಗೆಯ ಲೆನ್ಸುಗಳು ಒಂದೇ ಜಾಗದಲ್ಲಿ ಸೇರುತ್ತವೆ. ಕೇಳಿದರೆ ಹೆಚ್ಚಿನವರು ಕೈಗೆ ಕೊಡುತ್ತಾರೆ.

ಭಾರದ ಲೆನ್ಸ್ ಕೊಂಡವರು ಆರು ತಿಂಗಳಾದ ಮೇಲೆ ಅದನ್ನು ಮನೆಯಲ್ಲೇ ಬಿಟ್ಟು ಹೋಗುವುದನ್ನು ಬೇಕಾದಷ್ಟು ಕಂಡಿದ್ದೇನೆ. ಕ್ರಾಪ್ ಸೆನ್ಸರ್ ಇರುವ, ಕಡಲು ಕಾಡು ಎರಡನ್ನೂ ಸುತ್ತುವ ಅಂಕೋಲೆ, ಕಾರವಾರದ ಹವ್ಯಾಸಿಗೆ ಮೊದಲ ಲೆನ್ಸ್ 100-400 ಎನ್ನುವುದು ನನ್ನ ತೀರ್ಮಾನ. 600 ಬೇಕಾಗುವುದು ದಂಡೆ ಮತ್ತು ಗಜನಿಯ ಹಕ್ಕಿಗಳನ್ನೇ ನೆಚ್ಚಿಕೊಂಡವರಿಗೆ.

7. ಉಪ್ಪು, ಹೊಯ್ಗೆ, ಉದ್ದವಾಗುವ ಕೊಳವೆ

ಜೂಮ್ ಮಾಡಿದಾಗ ಕೆಲವು ಲೆನ್ಸುಗಳ ಮೂತಿ ಮುಂದಕ್ಕೆ ಬರುತ್ತದೆ. ಸಿಗ್ಮಾ, ಟ್ಯಾಮ್ರಾನ್ 150-600, ನಿಕಾನ್ 200-500 ಈ ಜಾತಿ. ಸೋನಿ 200-600, 2023ರಲ್ಲಿ ಬಂದ ನಿಕಾನ್ ಝಡ್ 180-600 ಹೊರಗೆ ಉದ್ದವಾಗುವುದಿಲ್ಲ, ಒಳಗೇ ಜೂಮ್ ಆಗುತ್ತವೆ. ಕಡಲ ಗಾಳಿಯಲ್ಲಿ ಚಾಚಿದ ಕೊಳವೆಯ ಮೇಲೆ ಉಪ್ಪಿನ ತೆಳು ಪದರ ಕೂರುತ್ತದೆ, ಅದಕ್ಕೆ ಹೊಯ್ಗೆಯ ಕಣ ಅಂಟುತ್ತದೆ. ಹಾಗೇ ಹಿಂದಕ್ಕೆ ತಿರುಗಿಸಿದರೆ ಕರಕರ ಸದ್ದು ಕೇಳುತ್ತದೆ. ಕಣ ಒಳಗೆ ಹೋಯಿತು ಎಂದೇ ಲೆಕ್ಕ. ಇಂಥ ಲೆನ್ಸ್ ಇರುವವರು ದಂಡೆಯಲ್ಲಿ ಜೂಮ್ ತಗ್ಗಿಸುವ ಮುಂಚೆ ಕೊಳವೆಯನ್ನು ಮೆತ್ತನೆ ಬ್ರಷ್ಷಿನಿಂದ ಗುಡಿಸಬೇಕು. ಮನೆಗೆ ಬಂದು ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಮೈ ಒರೆಸಿ, ಆಮೇಲೆ ಒಣ ಬಟ್ಟೆಯಿಂದ ಒರೆಸಬೇಕು. ಬರೀ ಒಣ ಬಟ್ಟೆಯಿಂದ ಉಜ್ಜಿದರೆ ಉಪ್ಪು ಗೀರುತ್ತದೆ.

ಒಳಗೇ ಜೂಮ್ ಆಗುವುದಕ್ಕೂ ಒಂದು ತೊಂದರೆ ಇದೆ. ಅದು ಯಾವಾಗಲೂ ಅಡಿಗಿಂತ ಉದ್ದ, ಸಣ್ಣ ಚೀಲಕ್ಕೆ ಹಿಡಿಸದು.

8. ಹತ್ತಿರದ ಫೋಕಸ್

ಕ್ಯಾನನ್ ಇಎಫ್ 100-400ರ ಎರಡನೇ ಆವೃತ್ತಿ ಒಂದು ಮೀಟರಿನೊಳಗೂ ಫೋಕಸ್ ಮಾಡುತ್ತದೆ. ನಿಕಾನ್ 200-500ಕ್ಕೆ 2.2 ಮೀಟರ್ ಬೇಕು, ಸಿಗ್ಮಾ ಕಂಟೆಂಪೊರರಿಗೆ 2.8. ಕಾಡಿನ ದಾರಿಯಲ್ಲಿ ಕಪ್ಪೆ, ಏರೋಪ್ಲೇನ್ ಚಿಟ್ಟೆ, ನಮ್ಮ ರಾಜ್ಯದ ಚಿಟ್ಟೆಯಾದ ಸಹ್ಯಾದ್ರಿ ಬರ್ಡ್‌ವಿಂಗ್ ಇವೆಲ್ಲ ಬೇಕೆನ್ನುವವರಿಗೆ ಈ ಅಂಕಿ ಮುಖ್ಯ. ಬರೀ ಹಕ್ಕಿಯವರು ಮುಂದಕ್ಕೆ ಹೋಗಬಹುದು.

9. ಟೆಲಿಕನ್ವರ್ಟರ್ ಬೇಡ

1.4 ಪಟ್ಟಿನದು ಒಂದು ಸ್ಟಾಪ್ ಬೆಳಕು ತಿನ್ನುತ್ತದೆ, 2 ಪಟ್ಟಿನದು ಎರಡು. ಎಫ್ 6.3ರ ಲೆನ್ಸ್ ಎಫ್ 9 ಆಗುತ್ತದೆ, ಹಳೆಯ ಡಿಎಸ್‌ಎಲ್‌ಆರ್‌ಗಳ ಆಟೊಫೋಕಸ್ ಅಲ್ಲಿಗೆ ಕೈಚೆಲ್ಲುತ್ತದೆ. ಆ ದುಡ್ಡನ್ನು ಪೆಟ್ರೋಲಿಗೆ ಹಾಕಿ.

10. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಟಾರ್ಚ್ ಹಿಡಿದು ಹೋಗಿ

ಮಿರರ್‌ಲೆಸ್‌ಗೆ ಹೋಗುವವರು ಡಿಎಸ್‌ಎಲ್‌ಆರ್ ಲೆನ್ಸುಗಳನ್ನು ಮಾರುತ್ತಿರುವ ಕಾಲವಿದು. ಕ್ಯಾನನ್ ಇಎಫ್, ನಿಕಾನ್ ಎಎಫ್-ಎಸ್ ಲೆನ್ಸುಗಳನ್ನು ಮುಂದೆ ಅದೇ ಕಂಪನಿಯ ಮಿರರ್‌ಲೆಸ್ ಕ್ಯಾಮೆರಾಕ್ಕೂ ಅಡಾಪ್ಟರ್ ಹಾಕಿ ಬಳಸಬಹುದು. ಹಾಗಾಗಿ ಹವ್ಯಾಸಿಗೆ ಇದು ಒಳ್ಳೆಯ ಸಂತೆ. ಆದರೆ ಕರಾವಳಿಯಲ್ಲೇ ಇದ್ದ ಲೆನ್ಸನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಬೇಕು.

ಮೊದಲು ಹಿಂದಿನ ಮೌಂಟಿನ ಸ್ಕ್ರೂಗಳನ್ನು ನೋಡಿ: ತುಕ್ಕಿನ ಚುಕ್ಕೆ ಇದ್ದರೆ ಆ ಲೆನ್ಸ್ ಉಪ್ಪು ನೀರು ಕಂಡಿದೆ. ಎರಡೂ ಕಡೆಯ ಮುಚ್ಚಳ ತೆಗೆದು ಒಂದು ಕಡೆಯಿಂದ ಟಾರ್ಚ್ ಬಿಟ್ಟು, ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ಧೂಳಿನ ಕಣಗಳಿಗೆ ಹೆದರಬೇಡಿ, ಅವು ಎಲ್ಲ ಲೆನ್ಸಿನಲ್ಲೂ ಇರುತ್ತವೆ. ಜೇಡರ ಬಲೆಯಂತೆ ಕವಲೊಡೆದ ಬಿಳಿ ಎಳೆಗಳು ಕಂಡರೆ ಅದು ಫಂಗಸ್. ಎಷ್ಟೇ ಅಗ್ಗವಾದರೂ ವಾಪಸ್ ಕೊಟ್ಟು ಬನ್ನಿ. ಆಮೇಲೆ ಗೋಡೆಗೆ ದಿನಪತ್ರಿಕೆಯ ಪೂರ್ತಿ ಹಾಳೆ ಅಂಟಿಸಿ, ಟ್ರೈಪಾಡಿನ ಮೇಲೆ ನೇರ ನಿಲ್ಲಿಸಿ, ಪೂರ್ತಿ ತೆರೆದ ಅಪರ್ಚರಿನಲ್ಲಿ ಒಂದು ಚಿತ್ರ ತೆಗೆಯಿರಿ. ನಾಲ್ಕು ಮೂಲೆಯ ಅಕ್ಷರಗಳೂ ಒಂದೇ ಸಮ ಓದಲು ಬರಬೇಕು. ಒಂದು ಮೂಲೆ ಮಾತ್ರ ಮಸುಕಾಗಿದ್ದರೆ ಲೆನ್ಸ್ ಎಲ್ಲೋ ಬಿದ್ದಿರಬಹುದು.

ಕೊಂಡ ಮೇಲೆ ಫಂಗಸ್ ಬಾರದಂತೆ ನೋಡಿಕೊಳ್ಳುವುದು ನಿಮ್ಮ ಪಾಲಿನ ಕೆಲಸ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಬಟ್ಟೆಯೇ ಒಣಗದು, ಚೀಲದೊಳಗಿನ ಲೆನ್ಸ್ ಒಣಗೀತೇ? ಡ್ರೈ ಕ್ಯಾಬಿನೆಟ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ರಬ್ಬರ್ ಅಂಚಿನ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ತೇವಾಂಶ ತೋರಿಸುವ ಒಂದು ಸಣ್ಣ ಮೀಟರ್ ಸಾಕು. ಮೀಟರ್ 40ರಿಂದ 50ರ ನಡುವೆ ಇರಲಿ.

11. ಆಟಕ್ಕೆ ಬೇರೆ ಲೆನ್ಸ್

ಯಕ್ಷಗಾನ, ಹಾಲಕ್ಕಿಗಳ ಸುಗ್ಗಿ ಕುಣಿತ, ಅಂಕೋಲೆಯ ಬಂಡಿ ಹಬ್ಬ ತೆಗೆಯುವವರು ಈ ಹಕ್ಕಿಯ ಲೆನ್ಸುಗಳನ್ನು ಮರೆತುಬಿಡಲಿ. ರಾತ್ರಿಯ ರಂಗಸ್ಥಳಕ್ಕೆ 70-200 ಎಫ್ 2.8ರಷ್ಟು ಹೊಂದುವ ಜೂಮ್ ಇನ್ನೊಂದಿಲ್ಲ. ಫ್ಲ್ಯಾಶ್ ಹೊಡೆಯುವುದು ಕಲಾವಿದರಿಗೂ ನೋಡುವವರಿಗೂ ಹಿಂಸೆ. ರಂಗಕ್ಕೆ ಎಲ್‌ಇಡಿ ದೀಪ ಕಟ್ಟಿದ್ದರೆ ಮಿರರ್‌ಲೆಸ್‌ನವರು ಎಲೆಕ್ಟ್ರಾನಿಕ್ ಷಟರ್ ಬಿಟ್ಟು ಮೆಕ್ಯಾನಿಕಲ್ ಷಟರಿಗೆ ಹಾಕಿಕೊಳ್ಳಿ, ಇಲ್ಲವಾದರೆ ಚಿತ್ರದ ಮೇಲೆ ಪಟ್ಟೆಪಟ್ಟೆ ಬರುತ್ತದೆ. ಎರಡೂ ಬೇಕು, ದುಡ್ಡು ಒಂದಕ್ಕೇ ಇದೆ ಎನ್ನುವವರು ಯಾವುದನ್ನು ಬಿಟ್ಟಿರಲಾರಿರೋ ಅದನ್ನೇ ಕೊಳ್ಳಿ.

12. ಉದ್ದ ಲೆನ್ಸ್ ಎಲ್ಲರ ಕಣ್ಣಿಗೂ ಬೀಳುತ್ತದೆ

ಬೇಲೇಕೇರಿ ಬಂದರಿನಲ್ಲಿ ಬಲೆ ಬಿಡಿಸುತ್ತಿದ್ದ ಅಜ್ಜ ಒಬ್ಬರು "ತಮಾ, ಇದ್ರಲ್ಲಿ ನಮ್ಮ ಬೋಟು ಎಲ್ಲಿದೆ ಕಾಣ್ತದೋ?" ಎಂದು ಕೇಳಿದ್ದುಂಟು. ತೋರಿಸಿದೆ, ನಕ್ಕರು. ಎಲ್ಲ ಕಡೆ ಹೀಗೆ ನಗು ಸಿಗದು. ಕಾರವಾರದ ದಾರಿಯಲ್ಲಿ ಅರ್ಗಾದಲ್ಲಿರುವ ಐಎನ್‌ಎಸ್ ಕದಂಬ 2005ರಿಂದ ಕೆಲಸ ಮಾಡುತ್ತಿರುವ ನೌಕಾನೆಲೆ. ಅದರ ಆಸುಪಾಸಿನಲ್ಲಿ ಹಕ್ಕಿಗೆಂದು 600 ಎಂಎಂ ಎತ್ತಿದರೂ ವಿವರಣೆ ಕೊಡಬೇಕಾದೀತು. ಕೈಗಾ ಅಣು ವಿದ್ಯುತ್ ಕೇಂದ್ರದ ಸುತ್ತಲೂ ಹಾಗೆಯೇ. ಲೆನ್ಸ್ ಚೀಲದಲ್ಲೇ ಇರಲಿ, ಹಕ್ಕಿ ಬೇರೆ ಕಡೆಯೂ ಸಿಗುತ್ತದೆ.

13. ದೂರ ನಿಲ್ಲಿ

ಟಿ.ಎನ್.ಎ. ಪೆರುಮಾಳ್, ಇ. ಹನುಮಂತ ರಾವ್ ಅವರ ತಲೆಮಾರಿನ ವನ್ಯಜೀವಿ ಛಾಯಾಗ್ರಾಹಕರು ಇಂದಿನಷ್ಟು ಐಎಸ್‌ಒ, ಇಂದಿನಂಥ ಜೂಮ್ ಯಾವುದೂ ಇಲ್ಲದೆ ಫಿಲ್ಮಿನಲ್ಲಿ ಹಕ್ಕಿ ಹಿಡಿದರು. ಮರೆ ಕಟ್ಟಿ ಗಂಟೆಗಟ್ಟಲೆ ಕೂರುವ ತಾಳ್ಮೆ ಅವರಿಗಿತ್ತು. ನಮಗೆ ಲೆನ್ಸ್ ಸಿಕ್ಕಿದೆ, ತಾಳ್ಮೆಯ ಮಾತು ಬೇರೆ.

ನಮ್ಮ ದಂಡೆಯ ಕಡಲ ಹದ್ದು ಎತ್ತರದ ಮರದ ತುದಿಯಲ್ಲಿ ಕಡ್ಡಿಗಳ ದೊಡ್ಡ ಗೂಡು ಕಟ್ಟಿ, ವರ್ಷ ವರ್ಷವೂ ಅದಕ್ಕೇ ಮರಳುತ್ತದೆ. ಚಳಿಗಾಲ ಅದರ ಮೊಟ್ಟೆ, ಮರಿಗಳ ಕಾಲ. ಮರದ ಬುಡದಲ್ಲಿ ನಾಲ್ಕು ಜನ ಕ್ಯಾಮೆರಾ ಹಿಡಿದು ನಿಂತರೆ ತಾಯಿ ಗೂಡು ಬಿಟ್ಟು ಹಾರುತ್ತದೆ, ಆ ಹೊತ್ತಿಗೆ ಕಾಗೆ ಬರುತ್ತದೆ. ಎಷ್ಟೋ ಸ್ಪರ್ಧೆಗಳು ಈಗ ಗೂಡಿನ ಚಿತ್ರಗಳನ್ನು ತೆಗೆದುಕೊಳ್ಳುವುದೇ ಇಲ್ಲ. ಹೊಸ ಲೆನ್ಸ್ ಕೊಂಡವರಲ್ಲಿ ಒಂದು ಕೋರಿಕೆ: ಗೂಡಿರುವ ಮರದ ಹತ್ತಿರ ಹೋಗಬೇಡಿ, ಗೂಡು ಕಂಡರೆ ಆ ಜಾಗವನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ.