ವಿದ್ಯುತ್ತು ನಿಂತಾಗ ಮನೆಯ ಅಂತರ್ಜಾಲದ ಪೆಟ್ಟಿಗೆಯನ್ನು ಬ್ಯಾಟರಿಯಿಂದ ನಡೆಸುವ ಕ್ರಮ

ಮಳೆಗಾಲವು ಸಮೀಪಿಸಿತು. ಮಲೆನಾಡಿನ ಗ್ರಾಮಗಳಲ್ಲಿ ಮೃಗಶಿರ, ಆರಿದ್ರಾ ಮಳೆಗಳ ಗಾಳಿಗೆ ಮರಗಳು ವಿದ್ಯುತ್ ತಂತಿಗಳ ಮೇಲೆ ಬೀಳುವುದೂ, ಒಂದೆರಡು ದಿನ, ಕೆಲವು ವೇಳೆ ಅದಕ್ಕೂ ಹೆಚ್ಚು ಕಾಲ, ಊರಿಗೆ ಊರೇ ಕತ್ತಲಲ್ಲಿರಬೇಕಾಗುವುದೂ ವಾಚಕರಿಗೆ ಹೊಸ ಮಾತಲ್ಲ. ಬಯಲುಸೀಮೆಯಲ್ಲಿಯೂ ಭರಣಿ, ಕೃತ್ತಿಕೆ ಮಳೆಗಳ ಬಿರುಗಾಳಿಗೆ ಕಂಬಗಳು ಉರುಳುವುದುಂಟು. ಹಿಂದೆ ದೀಪ ಹೋದರೆ ಲಾಟೀನು ಹಚ್ಚಿಟ್ಟು ಬೆಳಗಾಗುವುದನ್ನು ಕಾಯುತ್ತಿದ್ದರು. ಅದರಿಂದ ಆಗುತ್ತಿದ್ದ ನಷ್ಟವು ಅಲ್ಪವಾಗಿತ್ತು. ಈಗ ಹಾಗಲ್ಲ. ಅಡಿಕೆಯ ಧಾರಣೆ, ಪಹಣಿಯ ನಕಲು, ಬೆಳೆ ಸಮೀಕ್ಷೆಯ ವಿವರ, ಹವಾಮಾನದ ಮುನ್ಸೂಚನೆ, ಬ್ಯಾಂಕಿನ ಲೇವಾದೇವಿ, ಇವೆಲ್ಲವೂ ಮನೆಯ ಗೋಡೆಗೆ ತಗುಲಿಹಾಕಿರುವ ಒಂದು ಚಿಕ್ಕ ಪೆಟ್ಟಿಗೆಯ ಮೂಲಕ ಬರುತ್ತಿವೆ.

ಇದಕ್ಕಿಂತಲೂ ಮುಖ್ಯವಾದ ಸಂಗತಿಯೊಂದುಂಟು. ಗುಡ್ಡಗಳ ನಡುವಣ ಅನೇಕ ಮನೆಗಳಲ್ಲಿ ಮೊಬೈಲ್ ಗೋಪುರದ ಸಿಗ್ನಲ್ ದೊರೆಯುವುದಿಲ್ಲ. ಅಂಥ ಕಡೆಗಳಲ್ಲಿ ಮೊಬೈಲ್ ಫೋನು ಮಾತನಾಡುವುದೂ ಮನೆಯ ವೈಫೈಯ ಆಶ್ರಯದಿಂದಲೇ. ತೋಟದಲ್ಲಿ ಕೆಲಸದವನಿಗೆ ಹಾವು ಕಚ್ಚಿದರೆ, ರಾತ್ರಿಯ ಹೊತ್ತು ಮನೆಯ ವೃದ್ಧರಿಗೆ ಎದೆನೋವು ಬಂದರೆ, ವೈದ್ಯರನ್ನಾಗಲಿ ವಾಹನವನ್ನಾಗಲಿ ಕರೆಯಲು ಇರುವ ದಾರಿ ಅದೊಂದೇ. ಪೆಟ್ಟಿಗೆಯು ಆರಿದೊಡನೆ ಆ ದಾರಿಯೂ ಮುಚ್ಚಿಹೋಗುವುದು. ಗಾಳಿಮಳೆಯ ರಾತ್ರಿಯಲ್ಲಿಯೇ ಆಪತ್ತೂ ಹೆಚ್ಚು, ವಿದ್ಯುತ್ತು ನಿಲ್ಲುವುದೂ ಹೆಚ್ಚು. ಆದಕಾರಣ ಗ್ರಾಮದ ಮುಖ್ಯಸ್ಥರೂ ಜಮೀನುದಾರರೂ ಈ ವಿಷಯವನ್ನು ಮಳೆಗೆ ಮುಂಚೆಯೇ ಆಲೋಚಿಸತಕ್ಕದ್ದು. ಇದಕ್ಕೆ ಬೇಕಾಗುವ ಶಕ್ತಿಯು ಜನರು ಭಾವಿಸಿರುವುದಕ್ಕಿಂತ ಬಹಳ ಸ್ವಲ್ಪವೆಂಬುದೇ ಈ ಲೇಖನದ ಮುಖ್ಯ ತಾತ್ಪರ್ಯವು.

ನಿಂತಿರುವುದು ತಂತಿಯೋ, ಪೆಟ್ಟಿಗೆಯೋ?

ತಾಮ್ರದ ತಂತಿಯ ಹಳೆಯ ದೂರವಾಣಿಯು ಊರಿನಲ್ಲಿ ದೀಪವಿಲ್ಲದಿದ್ದರೂ ಕೆಲಸಮಾಡುತ್ತಿದ್ದುದನ್ನು ಹಿರಿಯರು ಬಲ್ಲರು. ದೂರವಾಣಿ ಕೇಂದ್ರದಲ್ಲಿದ್ದ ೪೮ ವೋಲ್ಟಿನ ಬ್ಯಾಟರಿಗಳಿಂದ, ಮಾತನ್ನು ತರುವ ತಂತಿಯಲ್ಲಿಯೇ ವಿದ್ಯುತ್ತೂ ಮನೆಗೆ ಬರುತ್ತಿದ್ದುದು ಅದಕ್ಕೆ ಕಾರಣ. ಈಗಿನ ಫೈಬರ್ ಎಂಬುದಾದರೋ ಕೂದಲಿನಷ್ಟು ಸಣ್ಣ ಗಾಜಿನ ಎಳೆ. ಅದರಲ್ಲಿ ಬೆಳಕು ಮಾತ್ರ ಹರಿಯುವುದು, ವಿದ್ಯುತ್ತು ಹರಿಯುವುದಿಲ್ಲ. ಆದುದರಿಂದ ಮನೆಯ ಪೆಟ್ಟಿಗೆಗೆ ಬೇಕಾದ ಶಕ್ತಿಯನ್ನು ಮನೆಯವರೇ ಒದಗಿಸಬೇಕು.

ಆದರೆ ಇದರಲ್ಲಿಯೇ ಒಂದು ಅನುಕೂಲವೂ ಇದೆ. ಈ ಬಗೆಯ ಫೈಬರ್ ಜಾಲದಲ್ಲಿ ಒಂದು ಎಳೆಯ ಬೆಳಕನ್ನು ಅನೇಕ ಮನೆಗಳಿಗೆ ಹಂಚುವ ಕವಲುಗಳು ದಾರಿಯಲ್ಲಿರುವುವು. ಅವುಗಳಿಗೆ ವಿದ್ಯುತ್ತಿನ ಅವಶ್ಯಕತೆಯೇ ಇಲ್ಲ. ಕೇಂದ್ರದಲ್ಲಿ ಬ್ಯಾಟರಿಯೋ ಜನರೇಟರೋ ನಡೆಯುತ್ತಿರುವವರೆಗೆ, ನಡುವೆ ಎಳೆಯು ಕಡಿಯದಿದ್ದರೆ, ಇಡೀ ಊರು ಕತ್ತಲಲ್ಲಿದ್ದರೂ ಬೆಳಕು ನಮ್ಮ ಮನೆಯ ಗೋಡೆಯವರೆಗೆ ಬಂದು ನಿಂತಿರುತ್ತದೆ. ಅದನ್ನು ಸ್ವೀಕರಿಸುವ ಪೆಟ್ಟಿಗೆಯೊಂದು ಎಚ್ಚರವಾಗಿದ್ದರೆ ಸಾಕು.

ಇದನ್ನು ಪರೀಕ್ಷಿಸುವುದು ಸುಲಭ. ಪೆಟ್ಟಿಗೆಯನ್ನು ಬ್ಯಾಟರಿಗೆ ಜೋಡಿಸಿ, ವಿದ್ಯುತ್ತು ನಿಂತಿರುವಾಗ ಅದರ ಮುಖದ ಮೇಲಿನ ದೀಪಗಳನ್ನು ನೋಡಬೇಕು. ‘ಪಿ.ಒ.ಎನ್.’ ಎಂಬ ದೀಪವು ಮಿನುಗದೆ ಹಸಿರಾಗಿ ನಿಂತಿದ್ದರೆ ದಾರಿಯು ಸರಿಯಾಗಿದೆ. ‘ಎಲ್.ಒ.ಎಸ್.’ ಎಂಬ ಕೆಂಪು ದೀಪವು ಹತ್ತಿದರೆ ಬೆಳಕು ಬರುತ್ತಿಲ್ಲವೆಂದು ಅರ್ಥ. ಎಳೆ ಕಡಿದಿರಬಹುದು ಅಥವಾ ಕೇಂದ್ರವು ನಿಂತಿರಬಹುದು. ಆಗ ಮನೆಯ ಬ್ಯಾಟರಿಯಿಂದ ಫಲವಿಲ್ಲ. ಕೆಲವು ಊರುಗಳಲ್ಲಿ ಕಂಬದ ಮೇಲಿಟ್ಟಿರುವ ವಿದ್ಯುತ್ ಸಲಕರಣೆಯಿಂದ ಮನೆಗಳಿಗೆ ಸಂಪರ್ಕ ಕೊಡುವುದೂ ಉಂಟು. ಅಲ್ಲಿ ಕಂಬದ ಸಲಕರಣೆಗೂ ಬ್ಯಾಟರಿ ಇದೆಯೇ ಎಂದು ವಿಚಾರಿಸಿದ ಮೇಲೆಯೇ ಹಣ ವೆಚ್ಚಮಾಡುವುದು ಲೇಸು.

ಪೆಟ್ಟಿಗೆಗೆ ಬೇಕಾದ ಶಕ್ತಿ

ಪೆಟ್ಟಿಗೆಯ ಅಡಾಪ್ಟರಿನ ಬೆನ್ನ ಮೇಲೆ ಸಣ್ಣ ಅಕ್ಷರಗಳಲ್ಲಿ ‘ಔಟ್‌ಪುಟ್’ ಎಂಬುದರ ಮುಂದೆ ಎರಡು ಅಂಕೆಗಳಿರುವುವು. ಸಾಮಾನ್ಯವಾಗಿ ಅವು ೧೨ ವೋಲ್ಟು, ೧ ಆಂಪಿಯರ್ ಎಂದಿರುತ್ತವೆ. ಇವೆರಡನ್ನೂ ಗುಣಿಸಿದರೆ ೧೨ ವಾಟ್ ಬರುವುದು. ಇದು ಗರಿಷ್ಠ ಮಿತಿ; ನಿಜವಾದ ಖರ್ಚು ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ. ಲೆಕ್ಕದ ಸೌಕರ್ಯಕ್ಕಾಗಿ ೧೦ ವಾಟ್ ಎಂದು ಇಟ್ಟುಕೊಳ್ಳೋಣ. ಒಂದು ಎಲ್.ಇ.ಡಿ. ಬಲ್ಬಿಗೆ ಬೇಕಾಗುವಷ್ಟೇ ಶಕ್ತಿ ಇದು.

ಕೆಲವರ ಮನೆಗಳಲ್ಲಿ ಫೈಬರನ್ನು ಸ್ವೀಕರಿಸುವ ಮೋಡೆಮ್ಮು ಬೇರೆ, ವೈಫೈ ಹರಡುವ ರೂಟರು ಬೇರೆ ಇರುವುವು. ರೂಟರಿಗೆ ಮಾತ್ರ ಬ್ಯಾಟರಿ ಕಟ್ಟಿ, ಮೋಡೆಮ್ಮನ್ನು ಮರೆತು, ವೈಫೈ ಕಾಣಿಸುತ್ತಿದ್ದರೂ ಅಂತರ್ಜಾಲ ಬರುತ್ತಿಲ್ಲವೆಂದು ದೂರುವವರುಂಟು. ಎರಡಕ್ಕೂ ಶಕ್ತಿಯನ್ನು ಕೊಡಬೇಕು. ಎರಡರ ವಾಟನ್ನೂ ಕೂಡಿಸಿ ಲೆಕ್ಕಹಾಕಬೇಕು.

ಬ್ಯಾಟರಿಯಲ್ಲಿರುವ ದಾಸ್ತಾನು

ಕಣಜದಲ್ಲಿರುವ ಧಾನ್ಯವನ್ನು ದಿನದ ಖರ್ಚಿನಿಂದ ಭಾಗಿಸಿ ಎಷ್ಟು ದಿನಕ್ಕೆ ಬಂದೀತೆಂದು ಗೃಹಸ್ಥರು ಲೆಕ್ಕಹಾಕುವಂತೆಯೇ ಬ್ಯಾಟರಿಯನ್ನೂ ಲೆಕ್ಕಹಾಕಬೇಕು. ಬ್ಯಾಟರಿಯ ವೋಲ್ಟನ್ನು ಆಂಪಿಯರ್-ಗಂಟೆಯಿಂದ ಗುಣಿಸಿದರೆ ವಾಟ್-ಗಂಟೆ ಬರುವುದು. ಅದರಲ್ಲಿ ಉಪಯೋಗಕ್ಕೆ ಬರುವ ಭಾಗವನ್ನು ಪೆಟ್ಟಿಗೆಯ ವಾಟಿನಿಂದ ಭಾಗಿಸಿದರೆ ಗಂಟೆಗಳ ಲೆಕ್ಕ ದೊರೆಯುವುದು.

(೧) ಮಿನಿ ಯು.ಪಿ.ಎಸ್. — ಅಂಗಡಿಗಳಲ್ಲಿ ರೂಟರಿಗೆಂದೇ ಮಾರುವ ಅಂಗೈಯಗಲದ ಪೆಟ್ಟಿಗೆ. ಇದರ ಮೇಲೆ ‘೮೦೦೦ ಮಿಲಿ ಆಂಪಿಯರ್-ಗಂಟೆ’ ಎಂದು ಬರೆದಿದ್ದರೆ, ಅದನ್ನು ೧೨ ವೋಲ್ಟಿನಿಂದ ಗುಣಿಸಿ ಮೋಸಹೋಗಬಾರದು. ಆ ಅಂಕೆಯು ಸಾಮಾನ್ಯವಾಗಿ ಒಳಗಿರುವ ೩.೭ ವೋಲ್ಟಿನ ಕೋಶಗಳದು. ೮ನ್ನು ೩.೭ರಿಂದ ಗುಣಿಸಿದರೆ ೨೯.೬ ವಾಟ್-ಗಂಟೆ, ನಷ್ಟವನ್ನು ಕಳೆದರೆ ಸುಮಾರು ೨೫. ೧೦ ವಾಟಿನ ಪೆಟ್ಟಿಗೆಗೆ ಎರಡೂವರೆ ಗಂಟೆ. ದಿನಕ್ಕೆ ಒಂದೆರಡು ಗಂಟೆ ಮಾತ್ರ ವಿದ್ಯುತ್ತು ನಿಲ್ಲುವ ಊರಿಗೆ ಇದೇ ಸಾಕು.

(೨) ಮುಚ್ಚಿದ ಸೀಸ-ಆಮ್ಲದ ಬ್ಯಾಟರಿ, ೧೨ ವೋಲ್ಟು, ೭ ಆಂಪಿಯರ್-ಗಂಟೆ — ಒಟ್ಟು ೮೪ ವಾಟ್-ಗಂಟೆ. ಆದರೆ ಇದನ್ನು ಪದೇ ಪದೇ ಪೂರ್ಣವಾಗಿ ಬರಿದುಮಾಡಿದರೆ ಆಯುಷ್ಯವು ಬೇಗ ಮುಗಿಯುವುದು. ಅರ್ಧವನ್ನು ಮಾತ್ರ ಬಳಸಬೇಕು. ಅದರಲ್ಲಿ ಹತ್ತನೆಯ ಒಂದು ಪಾಲು ನಷ್ಟವನ್ನು ಕಳೆದರೆ ಸುಮಾರು ೩೮ ವಾಟ್-ಗಂಟೆ. ಎಂದರೆ ಸುಮಾರು ಮುಕ್ಕಾಲು ಕಡಿಮೆ ನಾಲ್ಕು ಗಂಟೆಯಲ್ಲ, ಕಾಲು ಗಂಟೆ ಕಡಿಮೆ ನಾಲ್ಕು ಗಂಟೆ ಎಂದು ಸರಿಯಾಗಿ ತಿಳಿಯಬೇಕು.

(೩) ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, ೧೨.೮ ವೋಲ್ಟು, ೧೨ ಆಂಪಿಯರ್-ಗಂಟೆ — ಒಟ್ಟು ೧೫೩ ವಾಟ್-ಗಂಟೆಗೆ ಮೇಲು. ಇದರಲ್ಲಿ ನೂರಕ್ಕೆ ೮೦ ಪಾಲನ್ನು ನಿರ್ಭಯವಾಗಿ ಬಳಸಬಹುದು. ನಷ್ಟವನ್ನು ಕಳೆದರೆ ಸುಮಾರು ೧೧೦, ಹನ್ನೊಂದು ಗಂಟೆ. ಸಂಜೆ ನಿಂತ ವಿದ್ಯುತ್ತು ಬೆಳಗಿನವರೆಗೆ ಬಾರದಿದ್ದರೂ ಪೆಟ್ಟಿಗೆಯು ಆರದು. ಮೊದಲ ಬೆಲೆ ಹೆಚ್ಚಾದರೂ ಆಯುಷ್ಯವು ಸೀಸದ ಬ್ಯಾಟರಿಗಿಂತ ಅನೇಕ ಪಾಲು ಹೆಚ್ಚು. ಮಲೆನಾಡಿನ ಒಂಟಿಮನೆಗಳಿಗೆ ಇದು ಯೋಗ್ಯವಾದುದು.

ದೊಡ್ಡ ಇನ್ವರ್ಟರ್ ಇರುವ ಮನೆಗಳು

ಮನೆಯಲ್ಲಿ ೧೫೦ ಆಂಪಿಯರ್-ಗಂಟೆಯ ಇನ್ವರ್ಟರ್ ಇರುವಾಗ ಇದೆಲ್ಲ ಏಕೆಂದು ಕೆಲವರು ಕೇಳಬಹುದು. ೧೨ ವೋಲ್ಟಿನ ಆ ಬ್ಯಾಟರಿಯಲ್ಲಿ ೧೮೦೦ ವಾಟ್-ಗಂಟೆಯ ದಾಸ್ತಾನಿರುವುದು ನಿಜ. ಅರ್ಧವನ್ನು ಉಳಿಸಿದರೆ ೯೦೦. ಆದರೆ ಎರಡು ಫ್ಯಾನುಗಳೂ ನಾಲ್ಕಾರು ದೀಪಗಳೂ ಸೇರಿ ೨೦೦ ವಾಟ್ ಎಳೆಯುತ್ತಿದ್ದರೆ, ಇನ್ವರ್ಟರಿನ ಸ್ವಂತ ನಷ್ಟವೂ ಸೇರಿ, ನಾಲ್ಕು ಗಂಟೆಯೊಳಗೆ ಅದು ತೀರಿಹೋಗುವುದು. ದೀಪಗಳೊಡನೆ ಅಂತರ್ಜಾಲವೂ ಆರುವುದು. ದೀಪಗಳನ್ನೆಲ್ಲ ಆರಿಸಿ ರೂಟರೊಂದನ್ನೇ ನಡೆಸೋಣವೆಂದರೆ, ಇನ್ವರ್ಟರು ಸುಮ್ಮನೆ ಎಚ್ಚರವಾಗಿರುವುದಕ್ಕೇ ೧೦ರಿಂದ ೨೦ ವಾಟ್, ಕೆಲವು ವೇಳೆ ಇನ್ನೂ ಹೆಚ್ಚು, ಬೇಡುವುದು. ಬ್ಯಾಟರಿಯ ೧೨ ವೋಲ್ಟನ್ನು ೨೩೦ಕ್ಕೆ ಏರಿಸಿ, ಅಡಾಪ್ಟರಿನಲ್ಲಿ ಮತ್ತೆ ೧೨ಕ್ಕೆ ಇಳಿಸುವುದು ಒಂದು ಸೇರು ರಾಗಿಯನ್ನು ಸಾಗಿಸಲು ಜೋಡೆತ್ತಿನ ಗಾಡಿ ಕಟ್ಟಿದಂತೆಯೇ ಸರಿ.

ಆದಕಾರಣ ಅಂತರ್ಜಾಲದ ಪೆಟ್ಟಿಗೆಗೆ ಪ್ರತ್ಯೇಕವಾದ ಚಿಕ್ಕ ಬ್ಯಾಟರಿಯಿರುವುದು ಉತ್ತಮ. ಅದರ ಚಾರ್ಜರನ್ನು ಇನ್ವರ್ಟರಿನ ಪ್ಲಗ್ಗಿಗೆ ಹಾಕಿದರೆ, ಇನ್ವರ್ಟರು ನಡೆಯುವವರೆಗೆ ಅದರಿಂದಲೂ, ಅದು ನಿಂತ ಮೇಲೆ ಚಿಕ್ಕ ಬ್ಯಾಟರಿಯಿಂದಲೂ ಪೆಟ್ಟಿಗೆಯು ನಡೆಯುವುದು. ಇನ್ವರ್ಟರನ್ನು ಮಾತ್ರ ನಂಬುವವರು ಅದರ ಗುಂಡಿಯನ್ನು ‘ಯು.ಪಿ.ಎಸ್.’ ಎಂಬ ಕಡೆಗೆ ತಿರುಗಿಸಿಡತಕ್ಕದ್ದು. ಇಲ್ಲದಿದ್ದರೆ ಬದಲಾವಣೆಯ ಕ್ಷಣದಲ್ಲಿ ಪೆಟ್ಟಿಗೆಯು ಆರಿ, ಮರಳಿ ಸಿದ್ಧವಾಗಲು ಕೆಲವು ನಿಮಿಷಗಳನ್ನು ತೆಗೆದುಕೊಳ್ಳಬಹುದು.

ಜೋಡಿಸುವಾಗ ಗಮನಿಸತಕ್ಕ ಅಂಶಗಳು

೧. ಪೆಟ್ಟಿಗೆಗೆ ಬೇಕಾದ ವೋಲ್ಟನ್ನು ಮೊದಲು ನೋಡಬೇಕು. ಮಿನಿ ಯು.ಪಿ.ಎಸ್.ಗಳಲ್ಲಿ ೫, ೯, ೧೨ ವೋಲ್ಟುಗಳ ಬೇರೆ ಬೇರೆ ತೂತುಗಳಿರುವುದುಂಟು. ೯ ವೋಲ್ಟಿನ ಪೆಟ್ಟಿಗೆಗೆ ೧೨ ವೋಲ್ಟನ್ನು ಕೊಡಕೂಡದು.

೨. ಸೀಸದ ಬ್ಯಾಟರಿಗೆ ೧೨ ವೋಲ್ಟು ಎಂದು ಹೆಸರಿದ್ದರೂ, ಚಾರ್ಜ್ ಆಗುವಾಗ ಅದು ೧೪ ವೋಲ್ಟನ್ನು ಮೀರುವುದುಂಟು. ಆದಕಾರಣ ಬ್ಯಾಟರಿಗೂ ಪೆಟ್ಟಿಗೆಗೂ ನಡುವೆ ವೋಲ್ಟನ್ನು ೧೨ಕ್ಕೆ ನಿಲ್ಲಿಸುವ ಸಲಕರಣೆಯನ್ನು ಹಾಕಿಸತಕ್ಕದ್ದು.

೩. ಧನ, ಋಣ ತುದಿಗಳು ಅದಲುಬದಲಾದರೆ ಪೆಟ್ಟಿಗೆಯು ಸುಟ್ಟುಹೋಗಬಹುದು. ಅಡಾಪ್ಟರಿನ ಮೇಲಿನ ಚಿತ್ರದಿಂದ ಪಿನ್ನಿನ ಒಳಭಾಗವು ಧನವೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.

೪. ಬ್ಯಾಟರಿಯ ಧನ ತುದಿಯ ಪಕ್ಕದಲ್ಲಿಯೇ ೨ ಅಥವಾ ೩ ಆಂಪಿಯರಿನ ಫ್ಯೂಸು ಇರಬೇಕು. ಚಿಕ್ಕ ಬ್ಯಾಟರಿಯೂ ತಂತಿಗಳು ಒಂದಕ್ಕೊಂದು ತಾಗಿದಾಗ ಬೆಂಕಿ ಹೊತ್ತಿಸಲು ಶಕ್ತವಾಗಿದೆ.

೫. ಬ್ಯಾಟರಿಯು ಪೆಟ್ಟಿಗೆಗೆ ಸಮೀಪದಲ್ಲಿರಲಿ. ಸಣ್ಣ ತಂತಿಯು ಉದ್ದವಾದಷ್ಟೂ ವೋಲ್ಟು ದಾರಿಯಲ್ಲಿಯೇ ಕುಗ್ಗುವುದು.

೬. ಸೀಸದ ಬ್ಯಾಟರಿಗೂ ಲಿಥಿಯಂ ಬ್ಯಾಟರಿಗೂ ಚಾರ್ಜರುಗಳು ಬೇರೆ. ಒಂದರದನ್ನು ಇನ್ನೊಂದಕ್ಕೆ ಹಾಕಕೂಡದು.

೭. ಟ್ರಾಕ್ಟರಿನ ಬ್ಯಾಟರಿಯನ್ನು ಬಿಚ್ಚಿ ತಂದು ಈ ಕೆಲಸಕ್ಕೆ ಉಪಯೋಗಿಸುವ ವಾಡಿಕೆಯು ಒಳ್ಳೆಯದಲ್ಲ. ಅದು ಕ್ಷಣಮಾತ್ರ ಬಹಳ ಬಲವನ್ನು ಕೊಟ್ಟು ಎಂಜಿನ್ನನ್ನು ಎಬ್ಬಿಸುವುದಕ್ಕಾಗಿ ಮಾಡಿದುದು. ಮೆಲ್ಲಗೆ ಬಹಳ ಹೊತ್ತು ಬರಿದಾಗುವುದನ್ನು ತಾಳದು. ಬೆಳಗ್ಗೆ ಉಳುಮೆಗೆ ಹೊರಟಾಗ ಟ್ರಾಕ್ಟರು ಏಳದಿದ್ದರೆ ನಷ್ಟವು ಇಮ್ಮಡಿಯಾಗುವುದು.

೮. ಗುಡುಗು ಮಿಂಚುಗಳು ತೊಡಗುವ ಮೊದಲೇ ಚಾರ್ಜರಿನ ಪ್ಲಗ್ಗನ್ನು ಗೋಡೆಯಿಂದ ಕೀಳಬೇಕು. ಸಿಡಿಲಿನ ಆಘಾತವು ಹೆಚ್ಚಾಗಿ ವಿದ್ಯುತ್ ತಂತಿಯ ಮೂಲಕ ಬಂದು ಪೆಟ್ಟಿಗೆಯನ್ನು ಕೆಡಿಸುವುದು. ಬ್ಯಾಟರಿಯುಳ್ಳವರು ಪ್ಲಗ್ಗನ್ನು ಕಿತ್ತಿಟ್ಟೂ ಪೆಟ್ಟಿಗೆಯನ್ನು ನಡೆಸಬಹುದಾದುದು ಒಂದು ದೊಡ್ಡ ಲಾಭ. ಫೈಬರಿನ ಗಾಜು ವಿದ್ಯುತ್ತನ್ನು ಒಯ್ಯದಿದ್ದರೂ, ಅದರೊಡನೆ ಬಲಕ್ಕಾಗಿ ಉಕ್ಕಿನ ತಂತಿಯಿರುವುದುಂಟು. ಅದನ್ನು ಮನೆಯ ಹೊರಗೇ ನಿಲ್ಲಿಸತಕ್ಕದ್ದು.

ಬ್ಯಾಟರಿಯ ಪೋಷಣೆ

ಎತ್ತನ್ನು ದುಡಿಸಿದ ಮೇಲೆ ಮೇವನ್ನೂ ವಿಶ್ರಾಂತಿಯನ್ನೂ ಕೊಡುವಂತೆ, ಬ್ಯಾಟರಿಗೂ ತುಂಬಿಕೊಳ್ಳಲು ಕಾಲ ಕೊಡಬೇಕು. ಅರ್ಧ ಬರಿದಾದ ೭ ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯು ಚಿಕ್ಕ ಚಾರ್ಜರಿನಿಂದ ಪೂರ್ಣವಾಗಲು ಏಳೆಂಟು ಗಂಟೆಗಳಾದರೂ ಬೇಕು. ಅರೆಹೊಟ್ಟೆಯಲ್ಲಿ ಬಹುದಿನ ಬಿಟ್ಟರೆ ಅದರ ಫಲಕಗಳ ಮೇಲೆ ಬಿಳಿಯ ಪೊರೆಗಟ್ಟಿ ಶಕ್ತಿಯು ಕುಂದುವುದು. ವಿದ್ಯುತ್ತು ದಿನಕ್ಕೆ ಹಲವು ಸಲ ಬಂದು ಹೋಗುವ ಊರುಗಳಲ್ಲಿ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯೇ ಮೇಲು. ಅದು ಅರೆತುಂಬಿದ್ದರೂ ಕೆಡುವುದಿಲ್ಲ.

ಶಾಖವು ಬ್ಯಾಟರಿಯ ಶತ್ರು. ೨೫ ಡಿಗ್ರಿಗೆ ಮೇಲೆ ಪ್ರತಿ ೧೦ ಡಿಗ್ರಿ ಏರಿದಾಗ ಸೀಸದ ಬ್ಯಾಟರಿಯ ಆಯುಷ್ಯವು ಸುಮಾರು ಅರ್ಧಕ್ಕಿಳಿಯುವುದು. ತಗಡಿನ ಮಾಡಿನ ಕೆಳಗಾಗಲಿ ಅಡಿಗೆಯ ಒಲೆಯ ಹತ್ತಿರವಾಗಲಿ ಇಡಕೂಡದು. ತಿಂಗಳಿಗೊಮ್ಮೆ ಚಾರ್ಜರನ್ನು ಕಿತ್ತು, ಪೆಟ್ಟಿಗೆಯು ಎಷ್ಟು ಹೊತ್ತು ನಡೆಯುವುದೆಂದು ನೋಡಿ, ದಿನಾಂಕದೊಡನೆ ಬರೆದಿಡಬೇಕು; ಸೀಸದ ಬ್ಯಾಟರಿಯಾದರೆ ಲೆಕ್ಕದ ಅವಧಿ ಮುಗಿದೊಡನೆ ಪರೀಕ್ಷೆಯನ್ನು ನಿಲ್ಲಿಸತಕ್ಕದ್ದು. ಆ ಅವಧಿಯ ಅರ್ಧದಲ್ಲಿಯೇ ಪೆಟ್ಟಿಗೆಯು ಆರಿದರೆ ಮಳೆಗೆ ಮುಂಚೆ ಹೊಸದನ್ನು ತರುವುದು ವಿವೇಕ. ಹೊಟ್ಟೆಯುಬ್ಬಿದ ಲಿಥಿಯಂ ಬ್ಯಾಟರಿಯನ್ನು ಒಂದು ಗಳಿಗೆಯೂ ಬಳಸಕೂಡದು. ಹಳೆಯ ಬ್ಯಾಟರಿಯನ್ನು ಹೊಲದ ಬದುವಿನಲ್ಲಾಗಲಿ ಕೆರೆಯ ಅಂಗಳದಲ್ಲಾಗಲಿ ಎಸೆದರೆ ಸೀಸವು ನೆಲಕ್ಕೂ ನೀರಿಗೂ ವಿಷವಾಗುವುದು. ೨೦೨೨ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಅವನ್ನು ಸಂಗ್ರಹಿಸಿ ಮರುಬಳಕೆ ಮಾಡಿಸುವ ಹೊಣೆ ತಯಾರಕರದು; ಮಾರಿದ ಅಂಗಡಿಗೇ ಹಿಂದಿರುಗಿಸಬೇಕು.

ಗ್ರಾಮದ ಮುಖ್ಯಸ್ಥರಲ್ಲಿ ವಿಜ್ಞಾಪನೆ

ಊರಿನ ಎಲ್ಲ ಮನೆಗಳಲ್ಲಿಯೂ ಈ ಏರ್ಪಾಡು ಒಮ್ಮೆಗೇ ಆಗಲಾರದು. ಆಗಬೇಕಾದ ಅಗತ್ಯವೂ ಇಲ್ಲ. ಪ್ರತಿಯೊಂದು ಕೇರಿಯಲ್ಲಿ, ಪ್ರತಿಯೊಂದು ಮಜರೆಯಲ್ಲಿ, ಒಂದು ಮನೆಯ ಪೆಟ್ಟಿಗೆಯಾದರೂ ಇರುಳೆಲ್ಲ ಎಚ್ಚರವಾಗಿದ್ದರೆ ನೆರೆಹೊರೆಯವರು ಆಪತ್ತಿನಲ್ಲಿ ಅಲ್ಲಿಗೆ ಓಡಿಬರಬಹುದು. ಅನುಕೂಲವುಳ್ಳ ಜಮೀನುದಾರರು ಈ ಕಾರ್ಯದಲ್ಲಿ ಮುಂದಾಗಿ, ತಮ್ಮ ಮನೆಯಲ್ಲಿ ಇಂಥದೊಂದಿದೆಯೆಂದು ಸುತ್ತಿನವರಿಗೆ ತಿಳಿಸಿಡಬೇಕು. ಪಂಚಾಯತಿ ಕಛೇರಿ, ಹಾಲಿನ ಸಹಕಾರ ಸಂಘ, ನ್ಯಾಯಬೆಲೆ ಅಂಗಡಿಗಳ ಪೆಟ್ಟಿಗೆಗಳಿಗೂ ಬ್ಯಾಟರಿ ಇದೆಯೇ, ಇದ್ದರೆ ಅದು ಜೀವಂತವಾಗಿದೆಯೇ ಎಂಬುದನ್ನು ಮುಖ್ಯಸ್ಥರು ರೋಹಿಣಿ ಮಳೆಯೊಳಗಾಗಿ ಸ್ವತಃ ನೋಡತಕ್ಕದ್ದು. ಹತ್ತು ವಾಟಿನ ಶಕ್ತಿಯನ್ನು ಒಂದು ರಾತ್ರಿಯ ಮಟ್ಟಿಗೆ ಕೂಡಿಟ್ಟುಕೊಳ್ಳುವುದು ಯಾವ ಗ್ರಾಮಕ್ಕೂ ಅಸಾಧ್ಯವಾದ ಕೆಲಸವಲ್ಲ.